ಸುಧಾರಾಣಿಯ ಕುರಿಪುಟ ಕೈಕೊಟ್ಟ ವಾರ

ಸುಧಾರಾಣಿಗೆ ಸಿಟ್ಟು ಬಂದಷ್ಟೂ ದನಿ ಸಣ್ಣದಾಗುತ್ತದೆ. ಬೇರೆಯವರು ಪಾತ್ರೆ ಕುಕ್ಕುವ ಹೊತ್ತಿನಲ್ಲಿ ಅವಳು ಪಿಸುಗುಡುತ್ತಾಳೆ. ಆ ಶುಕ್ರವಾರ ಮುಂಜಾನೆ ನಮ್ಮ ಪಡಸಾಲೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಅವಳು ಅದಕ್ಕೆ ಏನೋ ಅನ್ನುತ್ತಿದ್ದಳು. ಬಾಗಿಲ ಬಳಿ ಜೋಳ ಹಸನು ಮಾಡುತ್ತಿದ್ದ ನನಗೂ ಕೇಳಿಸದಷ್ಟು ಸಣ್ಣ ದನಿ. ತಾಪತ್ರಯ ದೊಡ್ಡದೇ ಇದೆ ಎಂದು ಆಗಲೇ ತಿಳಿಯಿತು.

“ಏನಾತವಾ?” ಎಂದೆ.

“ಬರಿಯೂ ಜಾಗಾನ ಕೆಟ್ಟೈತಿ ಆಯಿ. ಮ್ಯಾಲಿನ ಗುಂಡಿ ಎಲ್ಲಾ ಮಾಯ ಆಗ್ಯಾವ. ಬರೇ ಬಿಳೀ ಹಾಳಿ ಕುಂತೈತಿ. ಒತ್ತಿದ್ರ ಒತ್ತಿಸ್ಕೊಳ್ಳವಲ್ದು.”

ಬರೆಯಬೇಕಾಗಿದ್ದ ಸುದ್ದಿ ಸಣ್ಣದು. ಸೋಮವಾರ ನಮ್ಮ ಯಮನೂರಿನ ಹಳ್ಳದ ದಂಡೆಯ ಹೊಲದಲ್ಲಿ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕುತ್ತಾರೆ ಎಂದು ಅವಳು ಹಿಂದಿನ ವಾರವೇ ಕುರಿಗಾರರ ಸಂಘದ ಪುಟದಲ್ಲಿ ಹಾಕಿದ್ದಳು. ಗುರುವಾರ ಸಂಜೆ ಅಡ್ಡಮಳೆ ಹೊಡೆಯಿತು. ನಮ್ಮದು ಕರಿಮಣ್ಣಿನ ಯರಿ ಭೂಮಿ. ಒಂದು ಮಳೆಗೆ ಹೊಲವೆಲ್ಲ ರಾಡಿಯಾಗಿ ಇಟ್ಟ ಕಾಲು ಎತ್ತುವುದು ಕಷ್ಟ. ಅಲ್ಲಿ ಕುರಿ ನಿಲ್ಲುವಂತಿಲ್ಲ, ಡಾಕ್ಟರರ ಗಾಡಿ ಬರುವಂತಿಲ್ಲ. ಹಾಗಾಗಿ ಲಸಿಕೆಯನ್ನು ಅಣ್ಣಿಗೇರಿ ಬದಿಯ, ನೀರು ನಿಲ್ಲದ ಗರಸು ನೆಲಕ್ಕೆ ಬದಲಿಸಿದರು. ಆದರೆ ಹಿಂಡುಗಳೆಲ್ಲ ಆಗಲೇ ಯಮನೂರಿನ ಕಡೆ ಮುಖ ಮಾಡಿ ಮೇಯಿಸಿಕೊಂಡು ಬರುತ್ತಿದ್ದವು. ಕುರಿಯದು ಕುರಿಯ ನಡಿಗೆ. ಇಲ್ಲಿಯ ತನಕ ಬಂದು ತಪ್ಪಾಯಿತೆಂದು ತಿರುಗಿದರೆ ಅಲ್ಲಿ ಲಸಿಕೆ ಮುಗಿದಿರುತ್ತದೆ. ಮಳೆ ಬೇರೆ ಬಿದ್ದಿದೆ. ಎಳೆಹುಲ್ಲು ಚಿಗಿತ ಮೇಲೆ ಹೊಟ್ಟೆತುಂಬ ಮೇದ ಕುರಿಗೇ ಆ ಬೇನೆ ಬರುವುದು. ಸಂಜೆ ಆರಾಮಿದ್ದ ಕುರಿ ಬೆಳಗಾಗುವುದರಲ್ಲಿ ಕಾಲು ಚಾಚಿರುತ್ತದೆ. ದಾರಿಯಲ್ಲಿದ್ದ ಹಿಂಡುಗಳಲ್ಲಿ ನನ್ನ ಮಗ, ಸುಧಾರಾಣಿಯ ಗಂಡ ಹನುಮೇಶನದೂ ಒಂದು.

ಒಂದು ಫೋನ್ ಹಚ್ಚಿ ಹೇಳಿದರೆ ಆಗಲಿಲ್ಲವೇ ಎಂದು ನೀವು ಕೇಳಬಹುದು. ಹೇಳಿದರೆ ನಂಬುವ ಕಾಲ ಹೋಗಿತ್ತು. ಹೋಗುವಂತೆ ಮಾಡಿದವಳೂ ಸುಧಾರಾಣಿಯೇ.

ಅವಳು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯ ಮಗಳು. ಅಪ್ಪ ಕುರಿಗಾರ. ವರ್ಷದ ಹೆಚ್ಚಿನ ದಿನ ಹಿಂಡಿನ ಸಂಗಡ ಊರೂರು ತಿರುಗಿ, ರೈತರ ಹೊಲದಲ್ಲಿ ಕುರಿ ತರುಬುತ್ತಿದ್ದವನು. ತರುಬುವುದು ಎಂದರೆ ಬೆಳೆ ತೆಗೆದ ಹೊಲದಲ್ಲಿ ಹಿಂಡನ್ನು ವಸ್ತಿ ಹಾಕುವುದು. ಹಿಕ್ಕೆ ಗಂಜಲ ಬಿದ್ದ ನೆಲ ಮುಂದಿನ ಸಲ ಚೆನ್ನಾಗಿ ಬೆಳೆಯುತ್ತದೆ ಎಂದು ರೈತರು ಕರೆದು ಕರೆದು ತರುಬಿಸುತ್ತಾರೆ. ಅಪ್ಪ ಊರಲ್ಲಿರುತ್ತಿರಲಿಲ್ಲವಾದ್ದರಿಂದ ಇವಳು ಹೊಸ್ತಿಲಲ್ಲಿ ಕುಳಿತು ದಾರಿ ಕಾಯುವುದು ಬಿಟ್ಟು, ಪಿಯುಸಿ ಮುಗಿಸಿ ಕಲಘಟಗಿಯ ಒಂದು ಲಗ್ನಪತ್ರಿಕೆ ಅಂಗಡಿ ಸೇರಿದಳು. ಕನ್ನಡ ಟೈಪ್ ಮಾಡುವುದು ಅಲ್ಲೇ ಕಲಿತದ್ದು. ಲಗ್ನ, ಸೀಮಂತ, ತೊಟ್ಟಿಲು, ಗೃಹಪ್ರವೇಶ. ಸಾವಿರಾರು ಪತ್ರಿಕೆ ಅವಳ ಬೆರಳಿನ ಕೆಳಗೆ ಹಾದು ಹೋಗಿವೆ. ಈಗಲೂ ನೋಡದೇ ಬಡಿಯುತ್ತಾಳೆ, ಬಡಿಯುತ್ತ ಬಾಯಿಯಲ್ಲಿ ಓದಿಕೊಳ್ಳುತ್ತಾಳೆ. ಬಾಜು ಕುಳಿತವರಿಗೆ ಕಣ್ಣೇ ಬೇಡ, ಕಿವಿ ಸಾಕು.

ಹನುಮೇಶನನ್ನು ಲಗ್ನವಾಗಿ ನಮ್ಮೂರಿಗೆ ಬಂದಾಗ ಇಲ್ಲಿ ಕುರಿಗಾರರ ಸುದ್ದಿಯೆಲ್ಲ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಅದರಲ್ಲಿ ಅರ್ಧ ಶುಭೋದಯ, ಕಾಲು ಜಗಳ. ಒಂದು ಬೇಸಿಗೆಯಲ್ಲಿ ದುಮ್ಮವಾಡದ ಕಡೆ ಕುರಿಗೆ ದೊಡ್ಡ ರೋಗ ಬಿದ್ದಿದೆ ಎಂದು ಯಾರೋ ಸುಳ್ಳು ಹಬ್ಬಿಸಿದರು. ಹತ್ತಾರು ಹಿಂಡು ಬಿಸಿಲಲ್ಲಿ ದಾರಿ ಬಿಟ್ಟು ತಿರುಗಿದವು. ಸುಳ್ಳು ಹೇಳಿದವನ ಕುರಿ ಮಾತ್ರ ಅಲ್ಲಿ ಆರಾಮಾಗಿ ಮೇಯುತ್ತಿದ್ದವು. ಹನುಮೇಶನೂ ತಿರುಗಿದವರಲ್ಲಿ ಒಬ್ಬ. ದಾರಿಯಲ್ಲಿ ನೀರಿಲ್ಲದೆ ಅವನ ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು.

ಅದಾದ ಮೇಲೆ ಸುಧಾರಾಣಿ ಸಂಘದ ಹಿರಿಯ ಹೊಳೆಯಪ್ಪನ ಮುಂದೆ ಹೋಗಿ ಕುಳಿತಳು. ಸಂಘಕ್ಕೆ ಒಂದು ವೆಬ್‌ಸೈಟ್ ಬೇಕು, ಅದರಲ್ಲಿ ಬರೆಯುವ ಕೀಲಿ ಒಬ್ಬರ ಕೈಯಲ್ಲೇ ಇರಬೇಕು ಎಂದಳು. ಯಾವ ಹೊಲಕ್ಕೆ ಕುರಿ ಬೇಕಾಗಿದೆ, ಎಲ್ಲಿ ನೀರಿದೆ, ಎಲ್ಲಿ ಔಷಧ ಹೊಡೆದಿದ್ದಾರೆ, ಎಲ್ಲಿ ಬೇನೆ ಇದೆ, ಎಲ್ಲವೂ ಅದರಲ್ಲೇ. ಅದರಲ್ಲಿ ಇಲ್ಲದ್ದನ್ನು ದೇವರೇ ಬಂದು ಹೇಳಿದರೂ ನಂಬಬಾರದು.

“ದೇವರ ಹೆಸರ ತಗದಿ ಅಂದ ಮ್ಯಾಲ ಕೇಳು,” ಎಂದ ಹೊಳೆಯಪ್ಪ. “ಹಂಗಾರ ಪ್ರತಿ ಸುದ್ದಿ ಮ್ಯಾಲೂ ಬೀರಲಿಂಗೇಶ್ವರನ ಹೆಸರ ಇರಬೇಕು. ಸ್ವಾಮಿ ಹೆಸರ ಇಲ್ಲದ್ದು ಕಾಗದನ ಅಲ್ಲ.”

“ಅದನ್ನ ನೀವು ಹೇಳಬೇಕೇನ್ರಿ ಕಾಕಾ. ಲಗ್ನಪತ್ರಿಕಿ ಕೈ ಇದು. ತಾನ ಬರೀತೈತಿ.”

ಹಾಗೆ ಹುಟ್ಟಿತು ಕುರಿಪುಟ. ಅವಳು ಮೊಬೈಲಿನ ವಿಡಿಯೋ ನೋಡಿ ನೋಡಿ ತಾನೇ ಕಟ್ಟಿದಳು. ನಮ್ಮ ಪಡಸಾಲೆ ಸಂಘದ ಕಚೇರಿಯಾಯಿತು. ಒಂದು ಮೇಜು, ಒಂದು ಕಂಪ್ಯೂಟರು, ಗೋಡೆಗೆ ಸ್ವಾಮಿಯ ಪಟ, ಮೂಲೆಯಲ್ಲಿ ಉಣ್ಣೆಯ ಚೀಲ. ಓದು ಬಾರದ ಕುರಿಗಾರರೂ ಪುಟ ತೆರೆದು ಮೊದಲು ನೋಡುವುದು ಮೇಲಿನ ಸಾಲನ್ನು. ಎರಡು ನಿಂತ ಗೆರೆ, ನಡುವೆ ಸ್ವಾಮಿಯ ಹೆಸರು, ಮತ್ತೆ ಎರಡು ನಿಂತ ಗೆರೆ. ಅದು ಕಂಡರೆ ಸುದ್ದಿ ಸುಧಾರಾಣಿಯದು. ಆಮೇಲೆ ಓದು ಬಂದವರಿಂದ ಓದಿಸಿಕೊಳ್ಳುತ್ತಾರೆ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ನಮ್ಮ ಪುಟ ಇರುವುದು ನಮ್ಮ ಪಡಸಾಲೆಯಲ್ಲಲ್ಲ. ದೂರದ ಒಂದು ಕಂಪನಿಯ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ, ಬಾಡಿಗೆ ಮನೆಯಲ್ಲಿದ್ದ ಹಾಗೆ. ಕಂಪನಿಯವರು ಆ ವಾರ ನಮ್ಮ ಪುಟವನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಿದ್ದರು. ಒಳ್ಳೆಯ ಸುದ್ದಿ ಎನ್ನುವ ಹಾಗೆ ಇಂಗ್ಲಿಷಿನಲ್ಲಿ ಒಂದು ಮೇಲ್ ಕಳಿಸಿದ್ದರು. ಹೊಸ ಮನೆ ಹೆಚ್ಚು ಭದ್ರ, ನೀವು ಏನೂ ಮಾಡಬೇಕಾಗಿಲ್ಲ ಎಂದು ಅದರಲ್ಲಿತ್ತಂತೆ.

“ಏನೂ ಮಾಡಬ್ಯಾಡ ಅಂದಾವರ ಮುಂದ ದಿನಗಟ್ಟಲೆ ಕುಂದ್ರಸ್ತಾರ,” ಎಂದಳು ಸುಧಾರಾಣಿ.

ಅವಳು ಬೇರೆ ಬ್ರೌಸರಿನಲ್ಲಿ ತೆರೆದು ನೋಡಿದಳು. ಪುಟಕ್ಕೆ ತಗುಲಿಸಿದ ಸಣ್ಣಪುಟ್ಟ ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಳು, ಮತ್ತೆ ಒಂದೊಂದಾಗಿ ಹಾಕಿದಳು. ಚಹಾ ತಂದಿಟ್ಟೆ, ಆರಿತು. ಮತ್ತೆ ಕಾಸಿ ತಂದೆ, ಅದೂ ಆರಿತು. ಕೊನೆಗೆ ಬ್ರೌಸರಿನ ಹಿಂಬಾಗಿಲು ತೆರೆಯುವ ಒಂದು ಗುಂಡಿ ಒತ್ತಿ, ಕೆಂಪು ಅಕ್ಷರದ ಸಾಲುಗಳನ್ನು ಓದಿ, ಹಣೆ ಬಡಿದುಕೊಂಡಳು. ಹೊಸ ಸರ್ವರಿನಲ್ಲಿ ಪುಟದ ವಿಳಾಸ ಬೀಗ ಹಾಕಿದ ವಿಳಾಸವಾಗಿತ್ತು. ನಮ್ಮ ಸೆಟ್ಟಿಂಗಿನಲ್ಲಿ ಹಳೆಯ, ಬೀಗವಿಲ್ಲದ ವಿಳಾಸವೇ ಉಳಿದಿತ್ತು. ಗುಂಡಿಗಳನ್ನು ಹೊತ್ತು ತರುವ ತುಣುಕು ಆ ಹಳೆಯ ದಾರಿಯಿಂದ ಬರುತ್ತಿದ್ದರಿಂದ ಬ್ರೌಸರು ಅದನ್ನು ಬಾಗಿಲಲ್ಲೇ ತಡೆಯುತ್ತಿತ್ತು. ವಿಳಾಸ ಸರಿಮಾಡಿದೊಡನೆ ಗುಂಡಿಗಳು ಸಾಲಾಗಿ ಬಂದು ನಿಂತವು.

“ಬಂದವು ನೋಡು ಆಯಿ,” ಎಂದಳು. ದನಿ ಸ್ವಲ್ಪ ದೊಡ್ಡದಾಗಿತ್ತು. ನಾನು ಮೊರದಲ್ಲಿದ್ದ ಜೋಳ ಕೇರಿ ಏಳುವಷ್ಟರಲ್ಲಿ ಅದು ಮತ್ತೆ ಪಿಸುಮಾತಿಗಿಳಿದಿತ್ತು.

ಈಗ ಬರೆಯಲಿಕ್ಕೆ ಬಿಡುತ್ತಿತ್ತು, ಉಳಿಸಲಿಕ್ಕೆ ಬಿಡುತ್ತಿರಲಿಲ್ಲ. ಸುದ್ದಿಯನ್ನೆಲ್ಲ ಬರೆದು ಉಳಿಸುವ ಗುಂಡಿ ಒತ್ತಿದರೆ ಬಿಳಿಯ ಪರದೆಯ ಮೇಲೆ ಇಂಗ್ಲಿಷಿನ ಎರಡು ಸಾಲು: ನಿಮಗೆ ಇಲ್ಲಿ ಅನುಮತಿ ಇಲ್ಲ. ಹಿಂದಕ್ಕೆ ಬಂದರೆ ಬರೆದದ್ದೆಲ್ಲ ಅಳಿಸಿ ಹೋಗಿರುತ್ತಿತ್ತು. ಮತ್ತೆ ಬರೆದಳು, ಮತ್ತೆ ಹೋಯಿತು.

“ನಾ ಕಟ್ಟಿದ ಮನಿಯಾಗ ನನಗ ಅನುಮತಿ ಇಲ್ಲಂತ,” ಎಂದು ಕಂಪನಿಯ ಸಹಾಯವಾಣಿಗೆ ಫೋನ್ ಹಚ್ಚಿದಳು. ಅರ್ಧ ತಾಸು ಸಂಗೀತ ಕೇಳಿಸಿದ ಮೇಲೆ ಒಬ್ಬ ಬಂದ. ಬೆಂಗಳೂರು ಕಡೆಯ ಮಾತು, ಬಹಳ ನಯ.

“ಮೇಡಂ, ಒಂದ್ಸಲ ಕ್ಯಾಶ್ ಕ್ಲಿಯರ್ ಮಾಡಿ ನೋಡಿ.”

“ಮಾಡೇನ್ರಿ.”

“ಬೇರೆ ಬ್ರೌಸರಲ್ಲಿ ಟ್ರೈ ಮಾಡಿದ್ರಾ?”

“ಅದೂ ಮಾಡೇನ್ರಿ.”

“ಸಿಸ್ಟಮ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ಬಿಡಿ.”

“ಅದನ್ನ ಮಾಡಿ ಮಾಡಿ ಸಾಕಾಗೇತ್ರಿ. ಇನ್ನೊಮ್ಮೆ ಮಾಡಿದ್ರ ಅದ ಏಳೂದಿಲ್ಲ.”

ಅವನು ನಗಲಿಲ್ಲ. ತಾನೇ ಒಳಗೆ ಹೋಗಿ ನೋಡುತ್ತೇನೆ ಎಂದು ಮತ್ತೆ ಸಂಗೀತಕ್ಕೆ ಬಿಟ್ಟ. ತಿರುಗಿ ಬಂದು, “ಸೇವ್ ಆಗ್ತಾ ಇದೆಯಲ್ಲ ಮೇಡಂ. ‘ಟೆಸ್ಟ್’ ಅಂತ ಬರೆದು ಸೇವ್ ಮಾಡ್ದೆ, ನೀಟಾಗಿ ಆಯ್ತು. ನಮ್ಮ ಕಡೆ ಏನೂ ಪ್ರಾಬ್ಲಮ್ ಇಲ್ಲ. ನಿಮ್ಮ ಕಡೆ ನೆಟ್ ವೀಕ್ ಇರಬೇಕು,” ಎಂದ.

ಸುಧಾರಾಣಿ ಫೋನ್ ಇಟ್ಟು ಬರೆಯಲು ಕುಳಿತಳು. ಮತ್ತೆ ಅನುಮತಿ ಇಲ್ಲ. ಅಷ್ಟರಲ್ಲಿ ಸುಭಾಸನ ಫೋನ್. ಅವನೂ ಕುರಿಗಾರ, ಹಿಂಡಿನ ಸಂಗಡ ದಾರಿಯಲ್ಲಿದ್ದ.

“ಅಕ್ಕಾ, ಪುಟದಾಗ ‘ಟೆಸ್ಟ್’ ಅಂತ ಬಂದೈತೆಲ್ಲ, ಏನದು? ಲಸಿಕಿ ಹೆಸರೇನ, ಊರ ಹೆಸರೇನ?”

“ಏನೂ ಅಲ್ಲೋ ತಮ್ಮಾ. ಅದನ್ನ ಬಿಡು. ಸೋಮವಾರ ಯಮನೂರಾಗ ಅಲ್ಲ, ಅಣ್ಣಿಗೇರಿ ಕಡೆ ಲಸಿಕಿ. ಹಿಂಡ ತಿರಗಿಸು.”

“ಪುಟದಾಗ ಯಮನೂರ ಅಂತನ ಐತೆಲ್ಲ.”

“ನಾನ ಹೇಳಾಕತ್ತೀನಲ್ಲೋ.”

“ನೀನ ಹೇಳಿದ್ದೆಲ್ಲಕ್ಕಾ, ಫೋನಿನಾಗ ಯಾರರ ನನ್ನ ದನಿ ಮಾಡಿ ಹೇಳಿದ್ರೂ ನಂಬಬ್ಯಾಡ್ರಿ ಅಂತ. ಪುಟದಾಗ ಬರಲಿ, ತಿರಗಸ್ತೀನಿ.” ಅವನ ಬ್ಯಾಟರಿ ಸಾಯುತ್ತಿತ್ತು. ಮಾತು ಅಲ್ಲಿಗೇ ಕಡಿಯಿತು.

ಅವಳು ಫೋನನ್ನು ಉಣ್ಣೆಯ ಚೀಲದ ಮೇಲೆ ಒಗೆದಳು. ಅದು ಮೆತ್ತಗೆ ಬಿತ್ತು. ಅದಕ್ಕೂ ಅವಳಿಗೆ ಸಿಟ್ಟು ಬಂತೆಂದು ಕಾಣುತ್ತದೆ.

ಶನಿವಾರ ಹೊಳೆಯಪ್ಪ ಬಂದ. ಕರಿಯ ಕಂಬಳಿ ಹಾಸಿಕೊಂಡು ಕುಳಿತು, ಕಂಪ್ಯೂಟರನ್ನು ಹುಷಾರಿಲ್ಲದ ಟಗರನ್ನು ನೋಡುವ ಹಾಗೆ ನೋಡಿದ.

“ಯಾರದರ ಕಣ್ಣ ಬಿದ್ದೈತೇನ ಮೈಲಾರವ್ವ? ಒಂದ ನಿಂಬಿಹಣ್ಣ ಕಟ್ಟೂಣೇನ ಇದಕ್ಕ?” ಎಂದು ನನ್ನನ್ನು ಕೇಳಿದ.

“ಕಟ್ರಿ ಕಾಕಾ,” ಎಂದಳು ಸುಧಾರಾಣಿ, ತಿರುಗಿ ನೋಡದೆ. “ಕಂಪನಿಯಾವರು ಹೇಳಿದ್ದಕ್ಕಿಂತ ಅದ ಬೇಷ್ ಐತಿ.”

“ಮತ್ತ ಎಲ್ಲಾರಿಗೂ ನಾನ ಫೋನ್ ಹಚ್ಚಿ ಹೇಳಲೇನ?”

“ಹಚ್ರಿ.”

ಹಚ್ಚಿದ. ಕೆಲವರು ಸಿಗಲೇ ಇಲ್ಲ. ಸಿಕ್ಕವರು, ಹೂಂ ಕಾಕಾ, ಪುಟದಾಗ ಬಂದ ಕೂಡಲೆ ಹೊಳ್ಳತೇವಿ ಎಂದರು. ತಾನೇ ಒಪ್ಪಿದ ಕಟ್ಟಳೆ ತನಗೇ ಅಡ್ಡ ಬಂದದ್ದನ್ನು ನೋಡಿ ಹೊಳೆಯಪ್ಪ ಎಲೆ ಅಡಿಕೆ ಚೀಲ ಬಿಚ್ಚಿದ.

ಸುಧಾರಾಣಿ ಆಗ ಅಪ್ಪನ ಕೆಲಸದ ರೀತಿ ಹಿಡಿದಳು. ಹಿಂಡಿನಲ್ಲಿ ಯಾವುದೋ ಒಂದು ಕುರಿ ಕೆಮ್ಮುತ್ತಿದೆ, ಯಾವುದೆಂದು ತಿಳಿಯುತ್ತಿಲ್ಲ ಎಂದಾಗ ಕುರಿಗಾರರು ಹಿಂಡನ್ನು ಎರಡು ಪಾಲು ಮಾಡಿ ಬೇರೆ ಬೇರೆ ನಿಲ್ಲಿಸುತ್ತಾರೆ. ಕೆಮ್ಮು ಕೇಳಿದ ಪಾಲನ್ನು ಮತ್ತೆ ಎರಡು ಮಾಡುತ್ತಾರೆ. ಅವಳೂ ಸುದ್ದಿಯ ಕೆಳಗಿನ ಅರ್ಧ ತೆಗೆದು ಒತ್ತಿದಳು. ಅನುಮತಿ ಇಲ್ಲ. ಮೇಲಿನ ಅರ್ಧ ತೆಗೆದು ಕೆಳಗಿನದನ್ನು ಇಟ್ಟು ಒತ್ತಿದಳು. ಅನುಮತಿ ಇಲ್ಲ. ಎರಡೂ ಪಾಲಿನಲ್ಲಿ ಕೆಮ್ಮು. ಕಾಲು ಮಾಡಿದಳು, ಅರೆಕಾಲು ಮಾಡಿದಳು. ಕೊನೆಗೆ ಸುದ್ದಿಯನ್ನೆಲ್ಲ ಬಿಟ್ಟು, ಎಂದಿನ ಹಾಗೆ ಮೇಲೆ ಸ್ವಾಮಿಯ ಸಾಲು ಹಾಕಿ, ಕೆಳಗೆ ‘ಕುರಿ’ ಎಂದಷ್ಟೇ ಬರೆದು ಒತ್ತಿದಳು. ಅದಕ್ಕೂ ಅನುಮತಿ ಇಲ್ಲ.

“ಕುರಿ ಅನ್ನೂ ಶಬ್ದಕ್ಕ ಇದರದೇನ ತಕರಾರು?” ಎಂದು ಗೋಡೆಯನ್ನು ಕೇಳಿದಳು.

ಮಧ್ಯಾಹ್ನ ಹನುಮೇಶ ಫೋನ್ ಹಚ್ಚಿದ. ಅವನ ಸಂಗಡ ಇನ್ನೂ ಮೂರ್ನಾಲ್ಕು ಹಿಂಡಿನವರಿದ್ದರು.

“ನೀವರ ತಿರಗ್ರಿ,” ಎಂದಳು ಇವಳು. “ಹೇಂತಿ ಮಾತರ ನಂಬತೀರೋ ಇಲ್ಲೋ?”

“ನಾ ನಂಬತೀನಿ ಬೇ. ನನ್ನ ಜೋಡಿ ಇದ್ದಾವ್ರು ನಂಬಬೇಕಲ್ಲ. ಹೇಂತಿ ಅಂದ್ಲಂತ, ಹನುಮ್ಯಾ ಹಿಂಡ ಹೊಳ್ಳಿಸಿದ ಅಂತ ಈಗಾಗಲೇ ನಗಾಕತ್ತಾರ. ದುಮ್ಮವಾಡದ ಸಲ ನಾನ ಮೊದಲ ತಿರಗಿದ್ನಿ, ನೆನಪೈತಿಲ್ಲೋ. ನನ್ನ ಹಿಂದ ಬಂದಾವ್ರೆಲ್ಲಾ ಇನ್ನೂ ಬೈತಾರ.”

“ಹಂಗಾರ ನೀವೊಬ್ರ ತಿರಗ್ರಿ.”

ಅವನ ಹಿಂದೆ ಕುರಿ ಒದರುವುದು ನನಗೂ ಕೇಳಿಸುತ್ತಿತ್ತು.

“ನಾಳೆ ಮಧ್ಯಾಹ್ನದ ತನಕ ಹಳ್ಳದ ಈಚೀಕ ನಿಂದ್ರತೇವಿ,” ಎಂದ. “ಅಷ್ಟರೊಳಗ ಪುಟದಾಗ ಬಂದ್ರ ಎಲ್ಲಾರೂ ಕೂಡಿ ಹೊಳ್ಳೂಣು. ಅದಕ್ಕಿಂತ ತಡಾ ಆದ್ರ ಅಣ್ಣಿಗೇರಿ ಮುಟ್ಟೂದಿಲ್ಲ.”

ಅವಳು ಅಳುವವಳಲ್ಲ. ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕುಳಿತಳು. ಆ ಸೀರೆಯ ಸೆರಗಿನ ಮುದುರು ಇನ್ನೂ ಹೋಗಿಲ್ಲ.

ರವಿವಾರ ಮುಂಜಾನೆ ರೇಷ್ಮಾಬಿ ಬಂದಳು. ಅವಳು ಡಾಕ್ಟರರ ಸಂಗಡ ಊರೂರಿಗೆ ಬರ್ಫದ ಡಬ್ಬಿ ಹೊತ್ತುಕೊಂಡು ಹೋಗಿ ಲಸಿಕೆ ಹಾಕಲಿಕ್ಕೆ ನೆರವಾಗುವವಳು. ಸೋಮವಾರದ ಡಬ್ಬಿ ಅವಳದೇ ಜವಾಬ್ದಾರಿ. ಕುರಿಪುಟದಲ್ಲಿ ಬೇನೆಯ ಸುದ್ದಿಗಳನ್ನು ಅವಳೂ ಆಗಾಗ ಒಂದೇ ಬೆರಳಿನಿಂದ ಬಡಿದು ಕೊಡುತ್ತಿದ್ದಳು. ಸುಧಾರಾಣಿ ಆಮೇಲೆ ಅದನ್ನು ತಿದ್ದಿ, ಮೇಲಿನ ಸಾಲು ಸೇರಿಸಿ ಉಳಿಸುತ್ತಿದ್ದಳು.

ಆ ಹೊತ್ತಿಗೆ ಸುಧಾರಾಣಿ ಹಿತ್ತಲಲ್ಲಿ ನಿಂತು ಸಹಾಯವಾಣಿಗೆ ಫೋನ್ ಹಚ್ಚುತ್ತಿದ್ದಳು. ರವಿವಾರ ಅವರಿಗೆ ರಜೆ. ಸಂಗೀತಕ್ಕೆ ಮಾತ್ರ ರಜೆ ಇರಲಿಲ್ಲ.

“ಇನ್ನೂ ಆಗಿಲ್ಲೇನಬೇ?” ಎಂದು ರೇಷ್ಮಾಬಿ ನನ್ನನ್ನು ಕೇಳುತ್ತಲೇ ಕುರ್ಚಿಯಲ್ಲಿ ಕುಳಿತಳು. “ಸೋಮವಾರ ಲಸಿಕೆ ಅಣ್ಣಿಗೇರಿ ಕಡೆ. ಯಮನೂರಿಗೆ ಬರಬೇಡಿ” ಎಂದು ಅಕ್ಷರ ಹುಡುಕಿ ಹುಡುಕಿ ಬಡಿದಳು. ಉಳಿಸುವ ಗುಂಡಿ ಒತ್ತಿ, ಎದ್ದು, ನನ್ನ ಬಾಜು ಬಂದು ಕುಳಿತು ಬದನೆಕಾಯಿ ಹೆಚ್ಚತೊಡಗಿದಳು. ಅದರಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ.

ಸುಧಾರಾಣಿ ಒಳಗೆ ಬಂದವಳು ಪರದೆ ನೋಡಿ ನಿಂತೇ ಬಿಟ್ಟಳು.

“ಇದನ್ನ ಯಾರು ಬರದ್ರು?”

“ನಾನ. ಯಾಕ, ತಪ್ಪಾತೇನ?”

“ಉಳದೈತಿ.”

“ಉಳೀಲಿ ಅಂತನ ಒತ್ತಿದ್ದು.”

“ಅದ ಕುರ್ಚಿ, ಅದ ಕಂಪ್ಯೂಟರು, ಅದ ನೆಟ್ಟು,” ಎಂದಳು ಸುಧಾರಾಣಿ. “ನಾ ಬಡದ್ರ ಕಳ್ಳಿ, ನೀ ಬಡದ್ರ ಮನಿ ಮಗಳೇನ?”

“ನಾ ನಿನ್ನಂಗ ಬಡಬಡ ಬಡಿಯೂದಿಲ್ಲ ತಂಗಿ. ಸಮಾಧಾನದ ಕೈ.”

ನಗುವ ಹೊತ್ತು ಇರಲಿಲ್ಲ. ಸುದ್ದಿಯಂತೂ ಮುಟ್ಟಿತು ಎಂದು ನಾವು ಉಸಿರು ಬಿಡುವುದರೊಳಗೆ ಹನುಮೇಶನ ಫೋನ್ ಬಂತು.

“ಪುಟದಾಗ ಬಂತು,” ಎಂದ. “ಆದ್ರ ಇಲ್ಲೆ ಒಬ್ರೂ ಏಳವಲ್ರು. ಮ್ಯಾಲ ಸ್ವಾಮಿ ಹೆಸರಿಲ್ಲ. ಮೊನ್ನಿ ‘ಟೆಸ್ಟ್’ ಅಂತ ಬಂತು, ಇವತ್ತ ಇದ ಬಂತು. ಯಾವನೋ ಕೀಲಿ ಮುರದು ಒಳಗ ಹೊಕ್ಕಾನ, ದುಮ್ಮವಾಡದಂಗನ ಆಟ ನಡಸ್ಯಾನ ಅಂತಾರ.”

ಸುಧಾರಾಣಿ ಫೋನ್ ಇಟ್ಟು ರೇಷ್ಮಾಬಿಯ ಸುದ್ದಿಯ ಮೇಲೆ ಸ್ವಾಮಿಯ ಸಾಲು ಹಾಕಿದಳು. ಬೇರೇನನ್ನೂ ಮುಟ್ಟಲಿಲ್ಲ. ಒತ್ತಿದಳು.

ಅನುಮತಿ ಇಲ್ಲ.

ಅವಳ ಕೈ ಅಲ್ಲೇ ನಿಂತಿತು. ಸಾಲು ತೆಗೆದು ಒತ್ತಿದಳು, ಉಳಿಯಿತು. ಹಾಕಿ ಒತ್ತಿದಳು, ಹೋಯಿತು. ಆಗ ಅವಳು ಆ ಸಾಲನ್ನು ಮೊದಲ ಸಲ ಕಣ್ಣಿಟ್ಟು ನೋಡಿದಳು. || ಶ್ರೀ ಬೀರಲಿಂಗೇಶ್ವರ ಪ್ರಸನ್ನ || ಎಂದು. ಅದನ್ನು ಅವಳು ಬರೆಯುತ್ತಿದ್ದಾಳೆ ಎಂದು ಅವಳಿಗೇ ಗೊತ್ತಿರಲಿಲ್ಲ. ಮನೆಯೊಳಗೆ ಬರುವಾಗ ಚಪ್ಪಲಿ ಬಿಡುವುದು ಯಾರಿಗೆ ನೆನಪಿರುತ್ತದೆ? ಹಿಂಡನ್ನು ಎಷ್ಟು ಪಾಲು ಮಾಡಿದರೂ ಪ್ರತಿ ಪಾಲಿನ ಮುಂದೆ ಇವಳೇ ಕೆಮ್ಮುವ ಕುರಿಯನ್ನು ಒಯ್ದು ನಿಲ್ಲಿಸುತ್ತಿದ್ದಳು. ಕಂಪನಿಯವನು ‘ಟೆಸ್ಟ್’ ಎಂದಷ್ಟೇ ಬರೆದ, ಉಳಿಯಿತು. ರೇಷ್ಮಾಬಿ ಬರಿಯ ಸುದ್ದಿ ಬರೆದಳು, ಉಳಿಯಿತು. ಅವನದೂ ಸುಳ್ಳಲ್ಲ, ಸುಧಾರಾಣಿಯದೂ ಸುಳ್ಳಲ್ಲ.

ಸ್ವಾಮಿಯ ಹೆಸರು ಬಿಟ್ಟು ಬರಿಯ ಗೆರೆ ಹಾಕಿದಳು, ಹೋಯಿತು. ಗೆರೆ ಬಿಟ್ಟು ಬರಿಯ ಹೆಸರು ಹಾಕಿದಳು, ಉಳಿಯಿತು. ತಕರಾರು ಗೆರೆಯದು. ಆಮೇಲೆ ಸರ್ವರಿನ ದಿನಚರಿ ತೆರೆದಳು. ಯಾರು ಬಂದರು, ಯಾರನ್ನು ತಡೆದೆವು ಎಂದು ಅದು ತಾನೇ ಬರೆದಿಡುತ್ತದಂತೆ. ಶುಕ್ರವಾರವೂ ಅದನ್ನು ತೆರೆದಿದ್ದಳು. ನೂರಾರು ಸಾಲಿನಲ್ಲಿ ಯಾವುದು ತನ್ನದೆಂದು ತಿಳಿಯದೆ ಮುಚ್ಚಿದ್ದಳು. ಈಗ ಹುಡುಕಬೇಕಾದದ್ದು ಏನೆಂದು ಗೊತ್ತಿತ್ತು, ಸಿಕ್ಕಿತು. ಕಳ್ಳರು ಸರ್ವರಿನೊಳಗೆ ಆಜ್ಞೆ ನುಗ್ಗಿಸು‌ವಾಗ ಹೀಗೆ ಎರಡು ನಿಂತ ಗೆರೆ ಬಳಸುವುದುಂಟಂತೆ. ಹೊಸ ಸರ್ವರಿಗೆ ಇಟ್ಟ ಕಾವಲು ಹಳೆಯದಕ್ಕಿಂತ ಬಿಗಿ. ಅದಕ್ಕೆ ಎರಡು ಗೆರೆ ಕಂಡರೆ ಕಳ್ಳನೇ. ನಮ್ಮ ಪುಟದ ಮಟ್ಟಿಗೆ ಆ ಕಾವಲನ್ನು ಸಡಿಲಿಸುವ ಅಧಿಕಾರ ಕಂಪನಿಯ ಕೈಯಲ್ಲಿದೆ, ಅವರಿಗೆ ಇವತ್ತು ರಜೆ.

ಹೊಳೆಯಪ್ಪನನ್ನು ಕರೆಸಿದಳು.

“ಕಾಕಾ, ಸ್ವಾಮಿ ಹೆಸರ ಇರತೈತಿ. ಗೆರಿ ಅಷ್ಟ ಬಿಡೂಣೇನು?”

“ಗೆರಿ ಬಿಟ್ರ?” ಎಂದ ಅವನು. “ಓದಾಕ ಬರದಾವ್ರು ಏನ ನೋಡತಾರ? ನಾ ಏನ ನೋಡತೀನಿ ಅಂತ ತಿಳದೀ? ಆ ಗೆರಿನ ನೋಡೂದು. ಎರಡ ಕಂಬದ ನಡುವ ಸ್ವಾಮಿ ಕುಂತಾನ ಅಂತ ಗುರ್ತು. ಕಂಬ ಕಿತ್ರ ನನಗೂ ಗುರ್ತ ಸಿಗೂದಿಲ್ಲ.”

ಅವನ ಮಾತು ತಪ್ಪಲ್ಲ. ಹಳ್ಳದ ಈಚೆ ಕುಳಿತವರಲ್ಲಿ ಅರ್ಧ ಮಂದಿ ಹಾಗೆ ನೋಡುವವರೇ. ಬಿಸಿಲು ನೆತ್ತಿಗೆ ಬರುತ್ತಿತ್ತು.

ಸುಧಾರಾಣಿ ಒಂದಿಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತಳು. ಆಮೇಲೆ ತನ್ನ ಮೊಬೈಲು ತೆಗೆದು ಯಾರದೋ ಲಗ್ನದ ಕರೆಯ ಮೆಸೇಜು ಹುಡುಕಿದಳು. ಪತ್ರಿಕೆ ಅಂಗಡಿಯಲ್ಲಿ ಈ ಜೋಡಿ ಗೆರೆಗೆ ಬೇರೆಯದೇ ಒಂದು ಗುರುತು ಇತ್ತೆಂದು ಅವಳಿಗೆ ನೆನಪಾಗಿತ್ತು. ಕಂಪ್ಯೂಟರಿನ ಕೀಲಿಮಣೆಯಲ್ಲಿ ಅದಿಲ್ಲವೆಂದು ಅವಳು ಇಷ್ಟು ದಿನ ಅಂಚಿನ ನಿಂತ ಗೆರೆಯನ್ನು ಎರಡೆರಡು ಸಲ ಒತ್ತಿ ಕೆಲಸ ಸಾಗಿಸಿದ್ದಳು. ಮೆಸೇಜಿನಲ್ಲಿದ್ದದ್ದು ಆ ಬೇರೆಯ ಗುರುತು, ಎರಡೂ ಗೆರೆ ಕೂಡಿ ಒಂದೇ ಅಕ್ಷರ. ಅದನ್ನು ಎತ್ತಿ ತಂದು ಸ್ವಾಮಿಯ ಹೆಸರಿನ ಆಚೆ ಈಚೆ ನಿಲ್ಲಿಸಿದಳು. ನೋಡಲಿಕ್ಕೆ ಎರಡೂ ಒಂದೇ. ಕಾವಲಿನವನ ಕಣ್ಣಿಗೆ ಮಾತ್ರ ಬೇರೆ.

ಒತ್ತುವ ಮುಂಚೆ ರೇಷ್ಮಾಬಿಯ ಕಡೆ ತಿರುಗಿ, “ನೀನ ಒತ್ತು. ನಿಂದು ಸಮಾಧಾನದ ಕೈ,” ಎಂದಳು.

ರೇಷ್ಮಾಬಿ ಬದನೆಕಾಯಿಯ ಕೈ ಒರೆಸಿಕೊಂಡು ಬಂದು ಒತ್ತಿದಳು. ಉಳಿಯಿತು.

ಹೊಳೆಯಪ್ಪ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಿ ನೋಡಿದ. “ಗೆರಿ ಜರಾ ಸೊರಗ್ಯಾವಲ್ಲ,” ಎಂದ. “ಸ್ವಲ್ಪ ದಪ್ಪ ಮಾಡಾಕ ಬರತೈತೇನ ನೋಡು.”

ಸುಧಾರಾಣಿ ಅವನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಹನುಮೇಶನ ಫೋನ್ ಬಂದಾಗ ಅವಳು ಎತ್ತಿ ಕಿವಿಗೆ ಹಿಡಿದಳಷ್ಟೇ. “ಎದ್ರು,” ಎಂದ. ಹಿಂದೆ ಗಂಟೆಗಳ ಸದ್ದು, ಸೀಟಿ, ನಾಯಿ ಬೊಗಳುವುದು. ಹಿಂಡು ಅಣ್ಣಿಗೇರಿಯ ಕಡೆ ಹೊಳ್ಳುತ್ತಿತ್ತು.

ಸೋಮವಾರ ಆ ಗರಸು ನೆಲದಲ್ಲಿ ಹೆಚ್ಚುಕಡಿಮೆ ಎಲ್ಲ ಹಿಂಡೂ ಸೇರಿದವು. ಸುಭಾಸನದು ಮಾತ್ರ ಇರಲಿಲ್ಲ. ಬ್ಯಾಟರಿ ಸತ್ತ ಫೋನ್ ಹಿಡಿದುಕೊಂಡು ಅವನು ರವಿವಾರ ರಾತ್ರಿ ಯಮನೂರಿನ ರಾಡಿಗೆ ಬಂದು, ನಮ್ಮ ಮನೆಯ ಮುಂದೆ ನಿಂತು ಮನಸಾರೆ ಬೈದು, ತಿರುಗಿ ನಡೆದ. ಎಲ್ಲರೂ ಗಾಡಿ ಕಟ್ಟುವ ಹೊತ್ತಿಗೆ ಹೊಟ್ಟೆಯ ತನಕ ಕೆಸರು ಮೆತ್ತಿದ ಕುರಿಗಳನ್ನು ಹೊಡೆದುಕೊಂಡು ಅಲ್ಲಿಗೆ ಮುಟ್ಟಿದ. ರೇಷ್ಮಾಬಿ ಡಾಕ್ಟರರ ಸಂಗಡ ವಾದಿಸಿ, ಕೊನೆಯ ಡಬ್ಬಿಯನ್ನು ತೆರೆಯದೆ ಬರ್ಫದಲ್ಲೇ ಕಾಯ್ದಿಟ್ಟಿದ್ದಳು. ಅವನ ಕುರಿಗಳಿಗೂ ಆಯಿತು. ಕಡೆಗೆ ಒಂದಿಷ್ಟು ಮರಿಗಳಿಗೆ ಮಾತ್ರ ಸಾಲಲಿಲ್ಲ. ಅವುಗಳಿಗೆ ಮುಂದಿನ ವಾರ ಹಾಕುತ್ತೇವೆ ಎಂದರು. ಆ ವಾರವೆಲ್ಲ ಸುಧಾರಾಣಿ ದಿನಾ ಸುಭಾಸನಿಗೆ ಫೋನ್ ಹಚ್ಚಿ ಮರಿಗಳು ಹೇಗಿವೆ ಎಂದು ಕೇಳುತ್ತಿದ್ದಳು. ಅವನು ದಿನಾ, “ಪುಟದಾಗ ಹಾಕತೀನಿ, ನೋಡಕೋ,” ಎನ್ನುತ್ತಿದ್ದ.

ಕಂಪನಿಯವರು ರಜೆ ಮುಗಿಸಿ ಬಂದ ಮೇಲೆ ಅವಳು ಮತ್ತೆ ಫೋನ್ ಹಚ್ಚಿದಳು. ಗೆರೆಯ ಕತೆಯನ್ನೆಲ್ಲ ಬಿಡಿಸಿ ಹೇಳಿದಳು. ಅದೇ ನಯವಾದ ದನಿ ಎಲ್ಲವನ್ನೂ ಕೇಳಿಸಿಕೊಂಡು, “ಮೇಡಂ, ಇದನ್ನೆಲ್ಲ ನಮ್ಮ ವೆಬ್‌ಸೈಟಲ್ಲಿ ಕಂಪ್ಲೇಂಟ್ ಬರೆದು ಕಳಿಸಿಬಿಡಿ. ಆಗಲೇ ಸೀನಿಯರ್ಸ್ ನೋಡೋದು,” ಎಂದಿತು.

ಅವಳು ಬರೆಯಲು ಕುಳಿತಳು. ನಾನು ಎಂದಿನಂತೆ ಬಾಗಿಲಲ್ಲಿದ್ದೆ. ಬಡಿಯುತ್ತ ಓದಿಕೊಳ್ಳುತ್ತಿದ್ದಳು: ಸರ್ವರ್ ಬದಲಿಸಿದ ದಿನದಿಂದ ನಮ್ಮ ಪುಟದಲ್ಲಿ ಬರೆದದ್ದು ಉಳಿಯುತ್ತಿಲ್ಲ, ಕಾರಣ ಇಂಥದ್ದು, ದಯವಿಟ್ಟು ನಮ್ಮ ಪುಟಕ್ಕೆ ಕಾವಲು ಸಡಿಲಿಸಬೇಕು. ಬಹಳ ಚೊಕ್ಕವಾಗಿ ಬರೆದಳು. ಸಂಘದ ಹೆಸರು, ಊರು, ತಾಲೂಕು, ಜಿಲ್ಲೆ ಎಲ್ಲ ಹಾಕಿ ಕಳಿಸುವ ಗುಂಡಿ ಒತ್ತಿದಳು.

ಬಿಳಿಯ ಪರದೆ. ಎರಡು ಸಾಲು. ಅನುಮತಿ ಇಲ್ಲ.

ಈ ಸಲ ಅವಳು ಪಿಸುಗುಡಲಿಲ್ಲ. ಹಿಂದಕ್ಕೆ ಹೋದರೆ ಬರೆದದ್ದೆಲ್ಲ ಅಳಿಸಿ ಹೋಗಿರುತ್ತದೆ ಎಂದು ಗೊತ್ತಿದ್ದರಿಂದ ಗುಂಡಿಯನ್ನೂ ಮುಟ್ಟಲಿಲ್ಲ. ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೇಳಿದಳು:

“ಆಯಿ, ನಾ ಬರಿಯೂ ಮುಂದ ಮ್ಯಾಲ ಏನರ ಹಾಕಿದ್ನೇನ?”

“ಹಾಕದ ಬಿಡತೀಯೇನ,” ಎಂದೆ.

ಮೇಜಿನ ಮೇಲೆ ಆರಿ ತಣ್ಣಗಾದ ಚಹಾ ಇತ್ತು. ಅವಳು ಅದನ್ನು ಒಂದೇ ಗುಟುಕಿಗೆ ಕುಡಿದು, ಸೆರಗು ಸಿಕ್ಕಿಸಿಕೊಂಡು, ಕುರ್ಚಿಯನ್ನು ಮತ್ತೆ ಕಂಪ್ಯೂಟರಿನ ಕಡೆಗೆ ಎಳೆದುಕೊಂಡಳು.